ಮೂಲ ಭಾಗಗಳ ಡಬ್ಬ

ಸೆಕೆಂಡ್‌ಹ್ಯಾಂಡ್ ಬೇಸ್ ಗಿಟಾರ್ ಮನೆಗೆ ಬಂದರೆ ನಾನು ಮೊದಲು ನುಡಿಸುವುದಿಲ್ಲ, ಬಿಚ್ಚುತ್ತೇನೆ. ತಂತಿ ಸಡಿಲಿಸಿ, ನಾಬ್‌ಗಳಿರುವ ತಗಡಿನ ಸ್ಕ್ರೂ ತೆಗೆದು ಮೆಲ್ಲನೆ ಮಗುಚಿದರೆ ಸಾಕು, ಹಿಂದಿನ ಮಾಲೀಕರ ಚರಿತ್ರೆಯೆಲ್ಲ ಅಲ್ಲಿರುತ್ತದೆ. ಸಾಲ್ಡರ್ ನುಣ್ಣಗೆ ಹೊಳೆಯುತ್ತಿದ್ದರೆ ಕೈ ಪಳಗಿದವರು. ಬೂದು ಬಣ್ಣಕ್ಕೆ ತಿರುಗಿ ಗಂಟುಗಂಟಾಗಿದ್ದರೆ ಐರನ್ ಕಾಯುವವರೆಗೂ ತಾಳದವರು. ಕೊನೆಗೆ ಟೇಪ್ ಸುತ್ತಿದ ವೈರೊಂದು ಎಲ್ಲಿಗೂ ಸೇರದೆ ತೂಗಾಡುತ್ತಿದ್ದರೆ, ಒಂದು ಕಾಲಕ್ಕೆ ಅಲ್ಲಿ ಬ್ಯಾಟರಿಯಿಂದ ನಡೆದು ನಾದ ಹಿಗ್ಗಿಸುವ ಪ್ರೀಆಂಪ್ ಇತ್ತು, ಮಾರುವ ಮುಂಚೆ ಕಿತ್ತುಕೊಂಡಿದ್ದಾರೆ. ಹೆಬ್ಬೆರಳು ಊರಲು ಹಾಕಿ ಆಮೇಲೆ ಬೇಡವೆಂದು ತೆಗೆದ ಪಟ್ಟಿಯ ಎರಡು ತೂತು, ಬೆನ್ನಿನಲ್ಲಿ ಬ್ಯಾಟರಿಗೆಂದು ಉಳಿ ಹಿಡಿದು ಅಂಕುಡೊಂಕಾಗಿ ಕೆತ್ತಿದ ಗುಳಿ, ಇವೂ ಸಿಗುತ್ತವೆ. ಒಂದರಲ್ಲಿ, ತಂತಿಯ ಕಂಪನ ಹಿಡಿಯುವ ಪಿಕಪ್‌ನ ಎತ್ತರ ಸರಿಮಾಡಲು ಸ್ಪಂಜಿನ ಬದಲು ಮಡಚಿ ತುರುಕಿದ ಬಸ್ ಟಿಕೆಟ್‌ಗಳಿದ್ದವು. ಕೆಲಸ ಮಾಡುತ್ತಿದ್ದವು, ಹಾಗೇ ಬಿಟ್ಟೆ.

ನನ್ನದು ಹವ್ಯಾಸ ಮಾತ್ರ. ವಾರವಿಡೀ ಕಚೇರಿ, ಗಣೇಶನ ಹಬ್ಬದಿಂದ ನವೆಂಬರ್ ಮುಗಿಯುವವರೆಗೆ ಆರ್ಕೆಸ್ಟ್ರಾ. ಬೆಂಗಳೂರಿನ ಬಡಾವಣೆಗಳ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಆಗೊಮ್ಮೆ ಈಗೊಮ್ಮೆ ಮದುವೆ ರಿಸೆಪ್ಷನ್. ಗಾಯಕರಿಗೆ ಶಾಲು, ಕೀಬೋರ್ಡಿನವರಿಗೆ ಚಪ್ಪಾಳೆ, ಬೇಸ್‌ನವನಿಗೆ ಊಟದ ಕೂಪನ್. ಆದರೂ ಈ ವಾದ್ಯಕ್ಕೇ ಅಂಟಿಕೊಂಡದ್ದು ಇಳಯರಾಜ ಅವರಿಂದ. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ: ಬೇಸ್ ಅಲ್ಲಿ ತಾಳ ಕಾಯುತ್ತಾ ನಿಂತಿರುವುದಿಲ್ಲ, ಹಾಡುವವರ ಜೊತೆ ತಾನೂ ಒಂದು ಮಾತು ಆಡುತ್ತಿರುತ್ತದೆ.

ಬಿಚ್ಚುವ ಚಟಕ್ಕೆ ಈ ವಾದ್ಯದ ಹುಟ್ಟಿನಲ್ಲೇ ಕಾರಣವಿದೆ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಪ್ರಿಸಿಷನ್ ಬೇಸ್ ತಯಾರಿಸಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂರಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕೆಟ್ಟ ಭಾಗ ತೆಗೆದು ಬೇರೆ ಹಾಕುವುದು ಸುಲಭವಾಗಬೇಕೆಂಬ ರಿಪೇರಿಯವರ ಬುದ್ಧಿ ಅದು. ತಂತಿಯ ಉದ್ದ 34 ಇಂಚು ಎಂದು ಅವರು ಗೊತ್ತುಮಾಡಿದ್ದೇ ಇವತ್ತಿಗೂ ಹೆಚ್ಚಿನ ಕಂಪನಿಗಳ ಅಳತೆ. ಹಾಗಾಗಿ ಒಂದರ ಬ್ರಿಡ್ಜ್, ಇನ್ನೊಂದರ ಪಿಕಪ್, ಮತ್ತೊಂದರ ನೆಕ್ ಸೇರಿಸಿ ಹೊಸದೊಂದು ಬೇಸ್ ಕಟ್ಟುವುದು ನಮ್ಮಂಥವರಿಗೂ ಸಾಧ್ಯವಾಗಿದೆ.

ಆದರೆ ಭಾಗ ಬದಲಿಸುವ ಮಾತು ಆಮೇಲೆ. ಮೊದಲು ನೆಕ್. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 75ರಿಂದ 80 ಕೆ.ಜಿ. ಆಳೊಬ್ಬ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಅದನ್ನು ತಡೆಯಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ನೆಕ್ಕಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ಮೊದಲ ಫ್ರೆಟ್ಟಿಗೆ ತಂತಿ ಒತ್ತಿ ಹಿಡಿಯುವ ಕೇಪೋ ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ಇ ತಂತಿಯನ್ನು ಒತ್ತಿ ಹಿಡಿದು, ಏಳು-ಎಂಟನೆಯ ಫ್ರೆಟ್ಟಿನ ಹತ್ತಿರ ಕಣ್ಣಿಟ್ಟು ನೋಡಬೇಕು. ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ ಇದ್ದರೆ ಸರಿ. ಹೆಚ್ಚಿದ್ದರೆ ಅಲೆನ್ ಕೀಯಲ್ಲಿ ಕಾಲು ಸುತ್ತು ಬಿಗಿಮಾಡಿ ಒಂದು ರಾತ್ರಿ ಬಿಡಬೇಕು. ಮರ ನಿಧಾನಕ್ಕೆ ಒಪ್ಪಿಕೊಳ್ಳುತ್ತದೆ. ಮಂಗಳೂರಿನ ಜುಲೈಯಲ್ಲಿ ಸರಿಹೊಂದಿಸಿದ ನೆಕ್ ಬೆಂಗಳೂರಿನ ಮಾರ್ಚ್‌ಗೆ ಬೇರೆಯೇ ಆಗಿರುತ್ತದೆ. ಒಣಹವೆಗೆ ಮರ ಸೊರಗಿ ಫ್ರೆಟ್ಟಿನ ತುದಿಗಳು ಹೊರಚಾಚಿ ಅಂಗೈ ಗೀರುತ್ತವೆ. ‘ಈ ಬೇಸ್ ಚೆನ್ನಾಗಿಲ್ಲ’ ಎಂದು ಅಗ್ಗಕ್ಕೆ ಮಾರುವವರಲ್ಲಿ ಮುಕ್ಕಾಲು ಜನಕ್ಕೆ ಬೇಕಿದ್ದದ್ದು ಈ ಕಾಲು ಸುತ್ತು. ನನ್ನ ಒಳ್ಳೆಯ ವ್ಯಾಪಾರಗಳೆಲ್ಲ ಇಂಥವರ ಹತ್ತಿರವೇ ನಡೆದಿವೆ.

ಆಮೇಲೆ ತಂತಿ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತಮ್ಮ 1962ರ ಪ್ರಿಸಿಷನ್‌ಗೆ ದಪ್ಪ ಫ್ಲ್ಯಾಟ್‌ವೌಂಡ್ (ಚಪ್ಪಟೆ ಸುತ್ತಿನ) ತಂತಿ ಹಾಕಿ, ಕಡಿಯುವವರೆಗೆ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ. ಬ್ರಿಡ್ಜಿನ ಮುಚ್ಚಳದ ಕೆಳಗೆ ತುಂಡು ಸ್ಪಂಜು ಬೇರೆ. ಆ ‘ದುಮ್’ ಎಂಬ ತುಂಬು ನಾದಕ್ಕೆ ಬೇಕಾದ ಮಾರ್ಪಾಡು ಅಷ್ಟೇ. ನನ್ನ ಪ್ರಿಸಿಷನ್‌ಗೂ ಫ್ಲ್ಯಾಟ್‌ವೌಂಡ್ ಹಾಕಿ, ಪಾತ್ರೆ ತೊಳೆಯುವ ಸ್ಪಂಜಿನ ತುಂಡೊಂದನ್ನು ತಂತಿಗಳ ಕೆಳಗೆ ಸಿಕ್ಕಿಸಿದ ಮೇಲೆ, ಹಳೆಯ ಕನ್ನಡ ಹಾಡುಗಳಿಗೆ ಬೇರೆ ಪಿಕಪ್ ಬೇಕು ಎಂಬ ಹಂಬಲವೇ ಹೋಯಿತು.

ಪೆಂಡಾಲಿನಲ್ಲಿ ಕಾಡುವುದು ಗುಂಯ್‌ಗುಡುವಿಕೆ. 1957ರಲ್ಲಿ ಪ್ರಿಸಿಷನ್‌ಗೆ ಬಂದ ಎರಡು ಹೋಳಿನ ಪಿಕಪ್ ಈ ಸದ್ದನ್ನು ತಾನೇ ನುಂಗಿಕೊಳ್ಳುತ್ತದೆ. ಫೆಂಡರ್ 1960ರಲ್ಲಿ ತಂದ ಜಾಝ್ ಬೇಸ್‌ನಲ್ಲಿ ಬೇರೆ ಬೇರೆ ಎರಡು ಪಿಕಪ್. ಇಂದಿನವುಗಳಲ್ಲಿ ಎರಡನ್ನೂ ಸಮವಾಗಿ ತೆರೆದರೆ ಸದ್ದು ಅಳಿಯುತ್ತದೆ, ಒಂದನ್ನು ಮುಚ್ಚಿದಿರೋ ಶುರು. ಪಕ್ಕದಲ್ಲೇ ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಇದ್ದರಂತೂ ಕೇಳಬೇಡಿ. ಇದರಲ್ಲೊಂದು ತಮಾಷೆಯಿದೆ. ನಮ್ಮ ಕರೆಂಟಿನ ಕಂಪನ ಸೆಕೆಂಡಿಗೆ 50. ಬೇಸ್‌ನ ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿರುವ ಜಿ ಸ್ವರ ಸೆಕೆಂಡಿಗೆ 49. ಅಂದರೆ ನಮ್ಮ ಕರೆಂಟು ಸ್ವಲ್ಪ ಏರುಶ್ರುತಿಯ ಜಿ. ಜಿ ಶ್ರುತಿಯ ಹಾಡು ಬಂತೋ, ಕಿವಿಯಿರುವವರಿಗೆ ಹಿಂಸೆ ಶುರು. ಅಮೆರಿಕದಲ್ಲಿ ಕರೆಂಟು 60. ಅದು ಎ ಶಾರ್ಪ್‌ಗೂ ಬಿಗೂ ನಡುವೆ ಎಲ್ಲೋ ಬೀಳುತ್ತದೆ, ಯಾವ ಹಾಡಿಗೂ ಸೇರುವುದಿಲ್ಲ.

ಇದಕ್ಕೆ ಅರ್ಧ ಮದ್ದು ತಾಮ್ರದ ಹಾಳೆ. ಪಿಕಪ್ ಮತ್ತು ನಾಬ್‌ಗಳ ಗುಳಿಯ ಒಳಗೋಡೆಗೆ ಅಂಟಿನ ತಾಮ್ರದ ಹಾಳೆ ಹಚ್ಚಿ, ಹಾಳೆಗಳ ಕೂಡುಜಾಗಕ್ಕೆ ಒಂದೊಂದು ಚುಕ್ಕೆ ಸಾಲ್ಡರ್ ಇಟ್ಟು, ಎಲ್ಲವನ್ನೂ ಒಂದೇ ಕಡೆ ಅರ್ತ್ ಮಾಡಬೇಕು. ಡಿಮ್ಮರ್‌ನಂಥವುಗಳ ಝುಂಯ್ ಹೋಗುತ್ತದೆ, ಕರೆಂಟಿನ ಗುಂಯ್ ಉಳಿಯುತ್ತದೆ. ಅಯಸ್ಕಾಂತ ಕ್ಷೇತ್ರದಿಂದ ಬರುವ ಗುಂಯ್ ತಾಮ್ರದ ಹಾಳೆಗೆ ಜಗ್ಗುವುದಿಲ್ಲ. ಕೆಲಸ ಮಾಡುವಾಗ ಬೆರಳು ಕೊಯ್ದುಕೊಳ್ಳುವುದು ಗ್ಯಾರಂಟಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಪಾಸಿಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬೇಸ್‌ನ ಟೋನ್ ನಾಬಿಗೆ ಬೇಕಾದದ್ದು 0.047 ಮೈಕ್ರೋಫ್ಯಾರಡ್. ಅದೇ ಮೌಲ್ಯದ, ಐವತ್ತು-ಅರವತ್ತರ ದಶಕದ್ದೆಂದು ಹೇಳುವ ಕೆಪಾಸಿಟರ್‌ಗಳನ್ನು ಸಾವಿರಗಟ್ಟಲೆ ಕೊಟ್ಟು ತರಿಸುವವರಿದ್ದಾರೆ. ಟೋನ್ ನಾಬ್ ಪೂರ್ತಿ ತೆರೆದಿದ್ದರೆ ಕೆಪಾಸಿಟರ್‌ಗೆ ಹೆಚ್ಚು ಕೆಲಸವೇ ಇಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಬೆಲ್ಟ್ ಬರುತ್ತದೆ, ಹೆಗಲಾದರೂ ಉಳಿಯುತ್ತದೆ.

ಸ್ಕ್ರೂ ತಿರುಗಿಸಿ ಮೊದಲಿದ್ದ ಸ್ಥಿತಿಗೆ ತರಬಹುದಾದ ಯಾವ ಕೆಲಸಕ್ಕೂ ನಾನು ಹಿಂದೆಮುಂದೆ ನೋಡುವುದಿಲ್ಲ. ಡ್ರಿಲ್, ಉಳಿ, ಉಪ್ಪುಕಾಗದ ಬೇಕು ಎಂದರೆ ಮಾತ್ರ ಕೈ ತಡೆಯುತ್ತದೆ. ಬೇಸ್ ನನ್ನ ಹತ್ತಿರ ಇರುವುದು ಕೆಲವು ವರ್ಷ. ಆಮೇಲೆ ಅದು ಇನ್ನೊಬ್ಬರ ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರಲ್ಲಿಗೆ. ತೆಗೆದ ಪ್ರತಿಯೊಂದು ಭಾಗವನ್ನೂ, ಸ್ಕ್ರೂ ವಾಷರ್ ಸಮೇತ, ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಮೇಲೆ ಬೇಸ್‌ನ ಸೀರಿಯಲ್ ನಂಬರ್ ಬರೆದಿಡುತ್ತೇನೆ. ಮನೆಯವರಿಗೆ ಈ ಡಬ್ಬಗಳು ಅಟ್ಟದ ಕಸ. ಕೊಳ್ಳಲು ಬಂದವರ ಮುಂದೆ ತೆರೆದಾಗ ಮಾತ್ರ ಚೌಕಾಸಿಯ ದನಿಯೇ ಬದಲಾಗುತ್ತದೆ.

ಏಕೆಂದರೆ ಖರ್ಚು ಮಾಡಿದ್ದು ಮಾರುವಾಗ ವಾಪಸು ಬರುವುದಿಲ್ಲ. ಪ್ರೀಆಂಪ್‌ಗೆ, ಪಿಕಪ್‌ಗೆ, ಭಾರದ ಹಿತ್ತಾಳೆ ಬ್ರಿಡ್ಜಿಗೆ ಸುರಿದದ್ದು ಕೊಳ್ಳುವವರ ಕಣ್ಣಿಗೆ ‘ಯಾರೋ ಕೈಯಾಡಿಸಿದ್ದಾರೆ’ ಎಂದಷ್ಟೇ ಕಾಣುತ್ತದೆ. ವಿದೇಶದ ವಿಂಟೇಜ್ ಪೇಟೆಯಲ್ಲಂತೂ ಮೂಲ ಬಣ್ಣ ಕೆರೆದು ಹೊಸ ಬಣ್ಣ ಹೊಡೆದ ಹಳೆಯ ಫೆಂಡರ್ ಅರ್ಧ ಬೆಲೆಗೆ ಇಳಿಯುವುದು ಮಾಮೂಲು. ದೊಡ್ಡ ಬೇಸ್ ವಾದಕರ ಲೆಕ್ಕವೇ ಬೇರೆ. ಮಾರ್ಕಸ್ ಮಿಲ್ಲರ್ ತಮ್ಮ 1977ರ ಜಾಝ್ ಬೇಸ್‌ಗೆ ನ್ಯೂಯಾರ್ಕ್‌ನ ರೋಜರ್ ಸಡೋವ್‌ಸ್ಕಿ ಅವರಿಂದ ಪ್ರೀಆಂಪ್ ಹಾಕಿಸಿದರು. ಮುಂದೆ ಫೆಂಡರ್ ಕಂಪನಿಯೇ ಅವರ ಹೆಸರಿನ ಮಾಡೆಲ್ ಮಾರಿತು. ಜ್ಯಾಕೋ ಪಾಸ್ಟೋರಿಯಸ್ 1962ರ ಜಾಝ್ ಬೇಸ್‌ನ ಫ್ರೆಟ್‌ಗಳಿಲ್ಲದ ನೆಕ್ಕಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಹಚ್ಚಿದರು. ಅದೂ ಮಾಡೆಲ್ ಆಯಿತು. ಅವರು ಮುಟ್ಟಿದರೆ ಮಾಡೆಲ್, ನಾವು ಮುಟ್ಟಿದರೆ ಡಿಸ್ಕೌಂಟ್.

ಫ್ರೆಟ್ ಕೀಳುವ ಆಸೆ ನಮ್ಮವರಿಗೆ ತುಸು ಹೆಚ್ಚೇ. ಗಮಕ ಕೇಳಿ ಬೆಳೆದ ಕಿವಿಗೆ ಫ್ರೆಟ್ ಎನ್ನುವುದು ಬೇಲಿ. ವೀಣೆಯಲ್ಲಾದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಮೇಣ ಕರಗಿಸಿ, ಮೆಟ್ಟಿಲು ಸರಿಸಿ, ಮತ್ತೆ ಕೂರಿಸಬಹುದು. ಬೇಸ್‌ನ ಫ್ರೆಟ್ ಮರಕ್ಕೆ ಹಲ್ಲೂರಿ ಕುಳಿತಿರುತ್ತದೆ. ಕಿತ್ತರೆ ಅಂಚಿನ ಮರ ಚಕ್ಕೆ ಏಳುತ್ತದೆ. ಹಾಗಾಗಿ ನಾನು ಕೀಳಲಿಲ್ಲ, ಫ್ರೆಟ್ ಇಲ್ಲದ ಇನ್ನೊಂದು ನೆಕ್ ತಂದೆ. ನಾಲ್ಕು ಸ್ಕ್ರೂ ತೆಗೆದರೆ ಒಂದು ವಾದ್ಯ, ಹಾಕಿದರೆ ಇನ್ನೊಂದು. ಲಿಯೋ ಫೆಂಡರ್ ಪುಣ್ಯಾತ್ಮರು.

ಆ ನೆಕ್ಕಿನ ಬೆರಳುಹಲಗೆ ಬೀಟೆ, ಅಂದರೆ ರೋಸ್‌ವುಡ್ ಮರದ್ದು. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತಾರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲಂತೂ ಜಗತ್ತಿನ ಗಿಟಾರ್ ತಯಾರಕರ ದೊಡ್ಡ ಆಸರೆ ನಮ್ಮ ಕಡೆಯ ಬೀಟೆ. 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಇಡೀ ರೋಸ್‌ವುಡ್ ಕುಲವನ್ನೇ ಪಟ್ಟಿಗೆ ಸೇರಿಸಿದಾಗ ಗಡಿ ದಾಟಿಸಿ ಮಾರುವ ವಾದ್ಯಕ್ಕೂ ಪರವಾನಗಿ ಬೇಕಾಯಿತು. ಫೆಂಡರ್ ತನ್ನ ಮೆಕ್ಸಿಕೋ ಮಾಡೆಲ್‌ಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೋ ಮರ ಹಾಕತೊಡಗಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಪಾವ್ ಫೆರೋದ ಬಣ್ಣ ಹಲವರಿಗೆ ಹಿಡಿಸಲಿಲ್ಲ. ನಾದದಲ್ಲಿ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ. ಮಲೆನಾಡಿನಲ್ಲಿ ತನ್ನದೇ ಜಮೀನಿನ ಬೀಟೆ ಮರ ಕಡಿಯಲು ಅರಣ್ಯ ಇಲಾಖೆಗೆ ಅಲೆಯುವವರಿಗೆ ಈ ಗಲಾಟೆಯೆಲ್ಲ ಹೊಸದೇನಲ್ಲ.

ಮಾರುವುದಕ್ಕೆ ನನ್ನದೊಂದು ಲೆಕ್ಕವಿದೆ. ಒಂದು ಸೀಸನ್ ಪೂರ್ತಿ ಕೇಸಿನಿಂದ ಹೊರಗೆ ಬಾರದ ಬೇಸ್ ಹೊರಡಬೇಕು. ಐದು ತಂತಿಯದ್ದು ಹಾಗೆ ಹೋಯಿತು. ಅದರ ಕೆಳಗಿನ ಬಿ ತಂತಿಯ ಕಂಪನ ಸೆಕೆಂಡಿಗೆ 31ಕ್ಕೂ ಕಡಿಮೆ. ನಾವು ನುಡಿಸುವ ಪೆಂಡಾಲಿನ ಸ್ಪೀಕರ್‌ಗಳಿಗೆ ಅದು ನಿಲುಕುವುದೇ ಇಲ್ಲ, ಬರೀ ಬಾಕ್ಸ್ ಅದುರುತ್ತದೆ. ಎಪ್ಪತ್ತರ ದಶಕದ ಮಾದರಿಯ, ಐದು ಕೆ.ಜಿ. ತೂಗುವ ಆ್ಯಶ್ ಮರದ್ದೊಂದನ್ನು ನನ್ನ ಬೆನ್ನೇ ಮಾರಿಸಿತು. ನಾದ ಅದ್ಭುತವಾಗಿತ್ತು, ಹಾಡು ಹದಿನೈದು ದಾಟಿದ ಮೇಲೆ ನಾದ ಯಾರಿಗೆ ಬೇಕು?

ಒಮ್ಮೆ ತುಮಕೂರಿನಿಂದ ಒಬ್ಬರು ಬೇಸ್ ಕೊಳ್ಳಲು ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಪಿಯುಸಿ, ಮುಂಬೈನ ಬೇಸ್ ವಾದಕಿ ಮೋಹಿನಿ ಡೇ ಅವರ ವಿಡಿಯೋ ನೋಡಿ ಹುಚ್ಚು ಹಿಡಿಸಿಕೊಂಡವಳು. ತಂದೆ ಬೇಸನ್ನು ಮೇಲಿಂದ ಕೆಳಗೆ ನೋಡಿ, “ಸಾರ್, ಗಿಟಾರಿಗೆ ಆರು ತಂತಿ ಅಲ್ವಾ? ಇನ್ನೆರಡು ನೀವೇ ಹಾಕಿಸ್ಕೊಡ್ತೀರಾ?” ಅಂದರು.

“ಅಪ್ಪಾ, ಸುಮ್ನಿರಪ್ಪ. ಬೇಸಿಗೆ ನಾಲ್ಕೇ,” ಎಂದು ಮಗಳು ನಾಚಿಕೆಯಿಂದ ಕುಗ್ಗಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಂಕಲ್, ಬ್ಯಾಟರಿ ಮಧ್ಯದಲ್ಲಿ ಹೋದ್ರೆ?”

ಸರಿಯಾದ ಪ್ರಶ್ನೆ. ಆ ಬೇಸ್‌ಗೆ ನಾನು ಹಾಕಿದ್ದ ಪ್ರೀಆಂಪ್ 9 ವೋಲ್ಟಿನ ಬ್ಯಾಟರಿಯಿಲ್ಲದೆ ಉಸಿರೆತ್ತುವುದಿಲ್ಲ. ಕೇಬಲ್ ಜ್ಯಾಕಿಗೆ ಸಿಕ್ಕಿಸಿಯೇ ಇಟ್ಟರೆ ಅದು ರಾತ್ರಿಯೆಲ್ಲ ಬ್ಯಾಟರಿ ಕುಡಿಯುತ್ತಿರುತ್ತದೆ. ಹಾಗಂತ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ಮೊದಲು ಹೇಗಿತ್ತೋ ಹಾಗೇ ಕೊಡ್ತೀರಾ?” ಅಂದಳು. ಡಬ್ಬ ಇಳಿಸಿದೆ. ತಂದೆಗೆ ಕಾಫಿ ಬಂತು. ಅವಳು ಪಕ್ಕದಲ್ಲಿ ಕುಳಿತು ಟಾರ್ಚ್ ಹಿಡಿದಳು. ನಾಬ್‌ಗಳ ಅಡಿಯ ಹಳೆಯ 250ಕೆ ಪಾಟ್‌ಗಳನ್ನು ಕೂರಿಸಿ, ಯಾವ ವೈರ್ ಎಲ್ಲಿಗೆ ಎಂದು ಅವಳ ನೋಟ್‌ಬುಕ್ಕಿನಲ್ಲಿ ಬರೆಸಿ, ಕೊನೆಯ ಎರಡು ಬೆಸುಗೆಯನ್ನು ಅವಳ ಕೈಯಲ್ಲೇ ಹಾಕಿಸಿದೆ. ಒಂದು ಗಂಟುಗಂಟಾಗಿಯೇ ಬಂತು. ತಗಡು ಮುಚ್ಚುವ ಮುಂಚೆ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

ಕೊಟ್ಟದ್ದಕ್ಕೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. ಪಾಲ್ ಮ್ಯಾಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಕಳುವಾಗಿ, ಅವರ ಕೈಗೆ ಮರಳಿದ ಸುದ್ದಿ ಹೊರಬಂದದ್ದು 2024ರಲ್ಲಿ. ಅಂಥ ನೋವು ಕಳೆದುಕೊಂಡವರದು. ಮಾರಿದವನಿಗೆ ಫೋನ್ ನಂಬರ್ ಇರುತ್ತದೆ. ತುಮಕೂರಿನಿಂದ ಈಗಲೂ ಮೆಸೇಜ್ ಬರುತ್ತದೆ, ಹೆಚ್ಚಾಗಿ ಟ್ರಸ್ ರಾಡ್ ವಿಷಯಕ್ಕೆ.

ಈ ರಾಜ್ಯೋತ್ಸವ ಕಳೆದ ಮೇಲೆ ಜಾಝ್ ಬೇಸ್ ಹೊರಡುತ್ತದೆ. ತಾಮ್ರದ ಹಾಳೆ ಒಳಗೇ ಇರಲಿ, ಕಿತ್ತರೆ ಯಾರಿಗೂ ಲಾಭವಿಲ್ಲ. ಹಿತ್ತಾಳೆ ಬ್ರಿಡ್ಜ್ ಬಿಚ್ಚಿಕೊಂಡು ಹಳೆಯದನ್ನು ಹಾಕಿ ಕೊಡುತ್ತೇನೆ. ಎರಡಕ್ಕೂ ಒಂದೇ ತೂತು, ಮೊದಲೇ ನೋಡಿ ತಂದದ್ದು. ಹೊಸ ಬ್ರಿಡ್ಜೇ ಬೇಕು ಎನ್ನುವವರು ಅದರ ದುಡ್ಡು ಬೇರೆ ಕೊಡಲಿ. ಆಗ ಹಳೆಯದನ್ನು ಡಬ್ಬದ ಸಮೇತ ಪುಕ್ಕಟೆ ಕೊಡುತ್ತೇನೆ.