ಡಿಕಾಕ್ಷನ್ ಕುದಿಸಬೇಡಿ: ಹದವಾದ ಕಾಫಿಗೆ ಏಳು ಸೂತ್ರ

ಒಳ್ಳೆಯ ಪುಡಿ, ಗಟ್ಟಿ ಹಾಲು ಎರಡೂ ಇದ್ದು ಕಾಫಿ ಕೆಟ್ಟರೆ ತಪ್ಪು ಬಹುಮಟ್ಟಿಗೆ ಒಲೆಯ ಮೇಲೆಯೇ ಆಗಿರುತ್ತದೆ. ಫಿಲ್ಟರ್ ಕಾಫಿಯಲ್ಲಿ ನೀರಿಗೊಂದು ಬಿಸಿ, ಹಾಲಿಗೊಂದು ಬಿಸಿ, ಬಾಯಿಗೊಂದು ಬಿಸಿ. ಈ ಮೂರರ ಹದ ಹಿಡಿಯಿರಿ.

1. ಕುದಿ ನಿಂತ ಮೇಲೆ ನೀರು ಹಾಕಿ. ಪುಡಿಗೆ ಬೇಕಾದದ್ದು 90ರಿಂದ 96 ಡಿಗ್ರಿ ಸೆಲ್ಸಿಯಸ್. ಬಿಸಿ ಸಾಲದಿದ್ದರೆ ಡಿಕಾಕ್ಷನ್ ಸಪ್ಪೆ, ತುಸು ಹುಳಿ, ಮಿತಿಮೀರಿದರೆ ಕಹಿ.

2. ನಿಮ್ಮೂರಿನ ಎತ್ತರ ನೋಡಿ. ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ 96ರ ಆಸುಪಾಸಿಗೆ. ಕರಾವಳಿಯವರು ಒಂದು ನಿಮಿಷ ಕಾಯಿರಿ; ಮಡಿಕೇರಿಯವರು ಒಲೆಯಿಂದ ಇಳಿಸಿದ ಕೂಡಲೇ ಹಾಕಿ.

3. ಫಿಲ್ಟರ್ ಬೆಚ್ಚಗಿರಲಿ. ತಣ್ಣನೆಯ ಸ್ಟೀಲು ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಪುಡಿ ತುಂಬಿ. ನೀರು ಹಾಕಿದೊಡನೆ ಮುಚ್ಚಳ ಮುಚ್ಚಿ, 15-20 ನಿಮಿಷ ಅದರ ತಂಟೆಗೆ ಹೋಗಬೇಡಿ.

4. ಡಿಕಾಕ್ಷನ್ ಒಲೆ ಕಾಣಬಾರದು. ಕುದಿಸಿದರೆ ಘಮ ಆವಿಯಾಗಿ ಹೋಗಿ ಕಹಿ ಉಳಿಯುತ್ತದೆ. ತೀರಾ ಆರಿದ್ದರೆ ಅದರ ಪಾತ್ರೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಡಿ.

5. ಬಿಸಿ ಹಾಲಿನಿಂದಲೇ ಬರಲಿ. ಲೆಕ್ಕ ನೋಡಿ: 28 ಡಿಗ್ರಿಯ 30 ಮಿ.ಲೀ. ಡಿಕಾಕ್ಷನ್‌ಗೆ 95 ಡಿಗ್ರಿಯ 90 ಮಿ.ಲೀ. ಹಾಲು ಬೆರೆತರೆ ಕಾಫಿ ಸುಮಾರು 78 ಡಿಗ್ರಿ. ಲೋಟ ಎಳೆದುಕೊಳ್ಳುವ ಬಿಸಿ ಕಳೆದರೂ ಇದು ಧಾರಾಳ. ಇನ್ನು ಡಿಕಾಕ್ಷನ್ ಕಾಯಿಸುವುದೇಕೆ?

6. ಹಾಲು ಒಮ್ಮೆ ಉಕ್ಕಿದರೆ ಸಾಕು. ಮತ್ತೆ ಮತ್ತೆ ಕಾಯಿಸಿದ ಹಾಲಿನ ವಾಸನೆ ಕಾಫಿಯ ಘಮವನ್ನು ನುಂಗಿಬಿಡುತ್ತದೆ. ಕಾಫಿಗೆಂದು ಹೊಸ ಹಾಲನ್ನು ತೆಗೆದಿಡಿ.

7. ಎತ್ತಿ ಹೊಯ್ಯಿರಿ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎರಡು ಮೂರು ಸಲ. ಸಕ್ಕರೆ ಕರಗುತ್ತದೆ, ನೊರೆ ಏಳುತ್ತದೆ, ಬಿಸಿಯೂ ಇಳಿಯುತ್ತದೆ. ಕುಡಿಯಲು 60 ಡಿಗ್ರಿಯ ಆಸುಪಾಸು ಹಿತ. 65 ಡಿಗ್ರಿ ಮೀರಿದ ಪಾನೀಯ ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ಹೇಳಿದೆ. ತುಟಿ ಸುಟ್ಟರೆ ಇನ್ನೊಮ್ಮೆ ಹೊಯ್ಯಿರಿ.

ಆರಿದ ಕಾಫಿಯನ್ನು ಮತ್ತೆ ಕಾಯಿಸಿ ಸರಿಮಾಡಲಾಗದು. ದೊಡ್ಡ ಲೋಟದ ಕೊನೆಯ ಗುಟುಕು ಯಾವಾಗಲೂ ತಣ್ಣಗೆ. ಬೈಟು ಕಾಫಿಗೆ ಆ ತೊಂದರೆಯಿಲ್ಲ. ಕಡಿಮೆ ಮಾಡಿ, ಬಿಸಿಯಿರುವಾಗಲೇ ಮುಗಿಸಿ.