ಹಳೆಯ ಡೀಸೆಲ್ ಲಾರಿಯ ಬಿಳಿ ಹೊಗೆ: ಕಾರಣ ಮತ್ತು ಪರೀಕ್ಷೆ

ಕಬ್ಬಿನ ಕಟಾವಿನ ಕಾಲದಲ್ಲಿ ಲಾರಿಯೂ ಒಂದು ಕೃಷಿ ಉಪಕರಣವೇ ಸರಿ. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯುವುದು ಉತ್ತಮ. ತಡವಾದಷ್ಟೂ ಜಲ್ಲೆ ಒಣಗಿ ತೂಕ ಇಳಿಯುತ್ತದೆ. ರಸದಲ್ಲಿನ ಸುಕ್ರೋಸ್ ಒಡೆದು ಸಕ್ಕರೆಯ ಇಳುವರಿಯೂ ಕುಗ್ಗುತ್ತದೆ. ಆದುದರಿಂದ ಡಿಸೆಂಬರ್-ಜನವರಿಯ ಚಳಿಯಲ್ಲಿ, ಹೇರು ತುಂಬಿದ ಹಳೆಯ ಲಾರಿ ಚಾಲೂ ಆಗದೆ ಬಿಳಿ ಹೊಗೆ ಉಗುಳುತ್ತ ನಿಂತರೆ ನಷ್ಟವು ಲಾರಿಯ ಮಾಲೀಕನಿಗೆ ಮಾತ್ರವಲ್ಲ, ಬೆಳೆಗಾರನಿಗೂ ತಟ್ಟುತ್ತದೆ.

ಇಂತಹ ಸಂದರ್ಭದಲ್ಲಿ "ಇಂಜಿನ್ ಕೆಲಸಕ್ಕೆ ಬಂದಿದೆ, ಬೋರ್ ಮಾಡಿಸಬೇಕು" ಎಂಬ ಮಾತು ಮೊದಲು ಕೇಳಿಬರುತ್ತದೆ. ಎಷ್ಟೋ ವೇಳೆ ದೋಷವಿರುವುದು ಸವೆದ ಒಂದು ವಾಷರಿನಲ್ಲಿ ಅಥವಾ ಕಿಲುಬು ಹಿಡಿದ ಬ್ಯಾಟರಿ ತುದಿಯಲ್ಲಿ. ಆದುದರಿಂದ ಕಡಿಮೆ ಖರ್ಚಿನ ಪರೀಕ್ಷೆಗಳಿಂದ ಆರಂಭಿಸಿ ಹೆಚ್ಚು ಖರ್ಚಿನವುಗಳ ಕಡೆಗೆ ಹೋಗುವುದೇ ಸರಿಯಾದ ಕ್ರಮ. ಇಲ್ಲಿ ಹೇಳಿರುವ ವಿಷಯಗಳು ಯಾಂತ್ರಿಕ ಪಂಪು ಇರುವ ಹಳೆಯ ಲಾರಿ ಹಾಗೂ ಟ್ರ್ಯಾಕ್ಟರುಗಳಿಗೆ ಅನ್ವಯಿಸುತ್ತವೆ.

ಡೀಸೆಲ್ ಹೊತ್ತಿಕೊಳ್ಳುವ ಬಗೆ

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸೈಕಲ್ ಪಂಪಿನಿಂದ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದೇ ರೀತಿ ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಆಗ ಇಂಜೆಕ್ಟರ್ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಮೂರು ಅಂಶಗಳು ಅವಶ್ಯಕ: ಇಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಗಾಳಿ ಸೋರದಂತೆ ಒತ್ತಲ್ಪಡಬೇಕು, ಡೀಸೆಲ್ ಸರಿಯಾದ ಸಮಯಕ್ಕೆ ನುಣ್ಣನೆಯ ತುಂತುರಾಗಿ ಬೀಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಡೀಸೆಲ್ ಉರಿಯದೆ ಆವಿಯಾಗಿ ಹೊರಬರುತ್ತದೆ. ಅದೇ ಬಿಳಿ ಹೊಗೆ.

ಹೊಗೆಯನ್ನು ಗುರುತಿಸುವುದು

ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು ಎಂದು ತಿಳಿಯಬೇಕು. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುವುದರ ಗುರುತು. ಬಿಳಿ ಹೊಗೆಯಲ್ಲಿ ಎರಡು ವಿಧಗಳುಂಟು. ಮೊದಲನೆಯದು ಉರಿಯದ ಡೀಸೆಲ್. ಇದು ಕಣ್ಣು ಉರಿಸುತ್ತದೆ, ಘಾಟು ವಾಸನೆಯಿರುತ್ತದೆ, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಎರಡನೆಯದು ನೀರಿನ ಹಬೆ. ಇದು ಬೇಗ ಕರಗಿಹೋಗುತ್ತದೆ. ಸಂದೇಹವಿದ್ದಲ್ಲಿ ಕೋಲಿನ ತುದಿಗೆ ಬಿಳಿಯ ಕಾಗದ ಕಟ್ಟಿ ಸೈಲೆನ್ಸರ್ ಕೊಳವೆಯ ಮುಂದೆ ಸ್ವಲ್ಪ ಹೊತ್ತು ಹಿಡಿಯಬೇಕು. ಆರಿದ ಮೇಲೂ ಜಿಡ್ಡಿನ ಕಲೆ ಉಳಿದರೆ ಡೀಸೆಲ್. ಕಲೆ ಉಳಿಯದಿದ್ದರೆ ನೀರು.

ಚಳಿಯ ಮುಂಜಾನೆ ಚಾಲೂ ಮಾಡಿದಾಗ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಗಾಬರಿಪಡಬೇಕಾಗಿಲ್ಲ. ಇಂಜಿನ್ ಬಿಸಿಯಾದ ಮೇಲೂ ಮುಂದುವರಿದರೆ ಪರೀಕ್ಷೆ ಅವಶ್ಯಕ.

ಇನ್ನೊಂದು ಮುಖ್ಯ ಸೂಚನೆ: ಸ್ಟಾರ್ಟರ್ ತಿರುಗಿಸುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿಲ್ಲ. ಬಿಳಿ ಹೊಗೆ ಬಂದೂ ಚಾಲೂ ಆಗದಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಹೊತ್ತುತ್ತಿಲ್ಲ. ಇದೊಂದನ್ನು ಗಮನಿಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಪರೀಕ್ಷೆಯ ಕ್ರಮ

1. ರೇಡಿಯೇಟರ್ ಮತ್ತು ಆಯಿಲ್: ಸ್ಟಾರ್ಟರ್ ಮುಟ್ಟುವ ಮೊದಲೇ ಇವನ್ನು ನೋಡತಕ್ಕದ್ದು. ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ದಿನದಿನಕ್ಕೆ ನೀರು ಇಳಿಯುತ್ತಿದ್ದು ಹೊರಗೆ ಎಲ್ಲಿಯೂ ಸೋರಿಕೆ ಕಾಣದಿದ್ದರೆ, ಅಥವಾ ಅಳತೆ ಕಡ್ಡಿಗೆ ಅಂಟಿದ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಿದ್ದರೆ, ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು ಇಲ್ಲವೇ ಹೆಡ್ ಬಿರುಕು ಬಿಟ್ಟಿರಬಹುದು. ಅಂತಹ ಇಂಜಿನ್ನನ್ನು ಬಲವಂತವಾಗಿ ಚಾಲೂ ಮಾಡಕೂಡದು. ನೀರನ್ನು ಗಾಳಿಯಂತೆ ಒತ್ತಲಾಗದು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಲಾರಿಯನ್ನು ಎಳೆಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಯಾಸ್ಕೆಟ್ಟಿನಲ್ಲಿ ಮುಗಿಯುತ್ತಿದ್ದ ಖರ್ಚು ಇಡೀ ಇಂಜಿನ್ನಿಗೆ ಏರುತ್ತದೆ.

2. ಬ್ಯಾಟರಿ ಮತ್ತು ಸ್ಟಾರ್ಟರ್: ಇಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯ ಶಾಖ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗಿಸುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ. 24 ವೋಲ್ಟಿನ ಲಾರಿಯಲ್ಲಿ ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು. ಬ್ಯಾಟರಿ ಸರಿಯಿದ್ದೂ ಸ್ಟಾರ್ಟರ್ ಎಳೆಯದಿದ್ದರೆ ತುದಿಗಳ ಕಿಲುಬು ಉಜ್ಜಿ, ಅರ್ತ್ ತಂತಿಯನ್ನು ಬಿಗಿಗೊಳಿಸಬೇಕು.

3. ಡೀಸೆಲ್ ಮಾರ್ಗದಲ್ಲಿ ಗಾಳಿ ಮತ್ತು ನೀರು: ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರನ್ನು ಹೊರಬಿಡಬೇಕು. ಅನಂತರ ಫಿಲ್ಟರಿನ ಮೇಲಿನ ಗಾಳಿ ತಿರುಪು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪು ಒತ್ತಿ ಮತ್ತೆ ಬಿಗಿಯಬೇಕು. ಇಂಜೆಕ್ಷನ್ ಪಂಪಿನ ತಿರುಪಿನಲ್ಲಿಯೂ ಹೀಗೆಯೇ ಮಾಡಬೇಕು. ಹಗಲೆಲ್ಲ ಚೆನ್ನಾಗಿ ಓಡಿ ಬೆಳಿಗ್ಗೆ ಮಾತ್ರ ತೊಂದರೆ ಕೊಡುವ ಲಾರಿಯಲ್ಲಿ, ರಾತ್ರಿ ಎಲ್ಲಿಂದಲೋ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ಹಿಂತಿರುಗುವುದುಂಟು. ಇದನ್ನು ಖಚಿತಪಡಿಸಿಕೊಳ್ಳಲು ಟ್ಯಾಂಕಿನ ಕೊಳವೆ ಬಿಡಿಸಿ, ಶುದ್ಧ ಡೀಸೆಲ್ ಇರುವ ಡಬ್ಬಿಯಿಂದ ನೇರವಾಗಿ ಫೀಡ್ ಪಂಪಿಗೆ ಹೊಸ ಕೊಳವೆ ಜೋಡಿಸಿ ಗಾಳಿ ತೆಗೆದು, ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಸಲೀಸಾಗಿ ಚಾಲೂ ಆದರೆ ದೋಷ ಟ್ಯಾಂಕಿನಿಂದ ಪಂಪಿನವರೆಗಿನ ಹಳೆಯ ಕೊಳವೆ ಅಥವಾ ವಾಷರಿನಲ್ಲಿದೆ.

4. ಇಂಜೆಕ್ಟರ್: ಇಂಜಿನ್ ಹೇಗಾದರೂ ಚಾಲೂ ಆದರೆ, ಕಡಿಮೆ ವೇಗದಲ್ಲಿ ಓಡಿಸುತ್ತ ಒಂದೊಂದೇ ಇಂಜೆಕ್ಟರ್ ಕೊಳವೆಯ ನಟ್ ಸಡಿಲಿಸಿ ಪುನಃ ಬಿಗಿಯಬೇಕು. ಸರಿಯಾದ ಸಿಲಿಂಡರಿನದನ್ನು ಸಡಿಲಿಸಿದಾಗ ಇಂಜಿನ್ನಿನ ಸದ್ದು ತಗ್ಗುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗದೆ ಹೊಗೆ ಕಡಿಮೆಯಾಗುತ್ತದೆಯೋ ಅದೇ ದೋಷದ ಸಿಲಿಂಡರ್. ಅದರ ಇಂಜೆಕ್ಟರನ್ನು ಪಂಪ್ ರಿಪೇರಿ ಅಂಗಡಿಯಲ್ಲಿ ಪರೀಕ್ಷಿಸಿ, ತಯಾರಕರ ಕೈಪಿಡಿಯ ಒತ್ತಡಕ್ಕೆ ಹೊಂದಿಸಬೇಕು. ತೊಟ್ಟಿಕ್ಕುವ ಇಂಜೆಕ್ಟರ್ ಪಿಸ್ಟನ್ನಿಗೂ ಅಪಾಯಕಾರಿ.

ಎಚ್ಚರಿಕೆ: ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆರಳಿನಿಂದ ಸೋರಿಕೆ ಹುಡುಕಕೂಡದು. ಹೊಸ ಮಾದರಿಯ ಕಾಮನ್ ರೈಲ್ ಇಂಜಿನ್ನಿನಲ್ಲಿ ಒತ್ತಡ ಬಹುಪಾಲು ಹೆಚ್ಚಿರುವುದರಿಂದ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

5. ಪಂಪಿನ ಟೈಮಿಂಗ್: ಎಲ್ಲ ಸಿಲಿಂಡರುಗಳಿಂದಲೂ ಸಮನಾಗಿ ಬಿಳಿ ಹೊಗೆ ಬಂದು, ಎಳೆಯುವ ಶಕ್ತಿಯೂ ಕುಗ್ಗಿದ್ದರೆ ಡೀಸೆಲ್ ತಡವಾಗಿ ಬೀಳುತ್ತಿರಬಹುದು. ಪಂಪು ಬಿಚ್ಚಿ ಜೋಡಿಸಿದ ಮೇಲೆ ಈ ತೊಂದರೆ ಆರಂಭವಾಗಿದ್ದರೆ ಮೊದಲು ಇದನ್ನೇ ಸಂಶಯಿಸಬೇಕು.

6. ಕಂಪ್ರೆಷನ್: ಮೇಲಿನದೆಲ್ಲ ಸರಿಯಿದ್ದಲ್ಲಿ ಮಾತ್ರ ಈ ಹಂತ. ಮೊದಲು ಟ್ಯಾಪೆಟ್ ಅಂತರವನ್ನು ಹೊಂದಿಸಬೇಕು. ಅಂತರ ತೀರ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಳಿಕ ಡೀಸೆಲ್ ಇಂಜಿನ್ನಿಗಾಗಿಯೇ ಇರುವ ಗೇಜಿನಿಂದ ಪ್ರತಿ ಸಿಲಿಂಡರನ್ನೂ ಅಳೆಸಬೇಕು. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ವಾಲ್ವ್, ಗ್ಯಾಸ್ಕೆಟ್ ಅಥವಾ ಆ ಸಿಲಿಂಡರಿನ ರಿಂಗ್ ಕೆಟ್ಟಿರಬಹುದು. ಎಲ್ಲದರಲ್ಲೂ ಕಡಿಮೆಯಿದ್ದು, ಆಯಿಲ್ ಹಾಕುವ ಬಾಯಿಯಿಂದ ಹೊಗೆ ರಭಸದಿಂದ ನುಗ್ಗುತ್ತಿದ್ದರೆ ರಿಂಗ್ ಮತ್ತು ಲೈನರ್ ಸವೆದಿವೆ. ಬೋರಿನ ಮಾತು ಬರಬೇಕಾದದ್ದು ಈಗ.

ಮಾಡಬಾರದ ಕೆಲಸಗಳು

ಗಾಳಿ ಸೇರುವ ಕೊಳವೆಗೆ ಈಥರ್ ಸಿಂಪಡಿಸುವುದು, ಪೆಟ್ರೋಲ್ ಬಟ್ಟೆ ಹಿಡಿಯುವುದು, ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ಅತ್ಯಂತ ಅಪಾಯಕರ. ಈಥರ್ ಹೊತ್ತಿಕೊಳ್ಳುವ ರಭಸಕ್ಕೆ ಪಿಸ್ಟನ್ ಮತ್ತು ರಿಂಗು ಮುರಿಯಬಹುದು. ಸ್ಟಾರ್ಟರನ್ನು ಒಂದೇ ಸಮನೆ ತಿರುಗಿಸದೆ, ಹತ್ತು-ಹದಿನೈದು ಸೆಕೆಂಡಿಗೊಮ್ಮೆ ನಿಲ್ಲಿಸಿ ಆರಲು ಬಿಡಬೇಕು.

ಮುನ್ನೆಚ್ಚರಿಕೆ

ಸಂಜೆಯೇ ಟ್ಯಾಂಕ್ ತುಂಬಿಸಿದರೆ ರಾತ್ರಿಯ ತಂಪಿಗೆ ಒಳಗೆ ನೀರಿನ ಹನಿ ಕಟ್ಟುವುದು ಕಡಿಮೆಯಾಗುತ್ತದೆ. ಕಟಾವಿಗೆ ಮುಂಚೆಯೇ ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಪೆಟ್ ನೋಡಿಸಿ, ಹಳೆಯ ಕೊಳವೆಗಳನ್ನು ತೆಗೆಯಿಸಬೇಕು. ಒಂದು ಪುಸ್ತಕದಲ್ಲಿ ಪ್ರತಿದಿನ ರೇಡಿಯೇಟರಿಗೆ ಹಾಕಿದ ನೀರು, ಆಯಿಲ್ ಮತ್ತು ಹೊಗೆಯ ಬಣ್ಣ ಬರೆದಿಟ್ಟರೆ ದೋಷವು ದೊಡ್ಡದಾಗುವ ಮೊದಲೇ ತಿಳಿಯುತ್ತದೆ. ಲಾರಿ ಬೆಳಿಗ್ಗೆ ಚಾಲೂ ಆಗುವುದು ಖಚಿತವಾದ ಮೇಲೆಯೇ ಕಬ್ಬಿಗೆ ಕತ್ತಿ ಹಾಕುವುದು ಬೆಳೆಗಾರನಿಗೆ ಕ್ಷೇಮ.