ಹೊಸ ಹಾಡಿಗೆ ಒಂದೆರಡು ದಿನ ಕೊಡಿ

ತಳಕಲ್ ಸ್ಟೇಷನ್ನಿನಲ್ಲಿ ಗದಗಿನ ಗಾಡಿ ಕಾಯುತ್ತ, ಮೊಬೈಲ್ ಸ್ಪೀಕರಿನಲ್ಲಿ ಪಲ್ಲವಿಯಷ್ಟೇ ಕೇಳಿ ‘ದಮ್ಮಿಲ್ಲ ಬಿಡ್ರಿ’ ಅಂದುಬಿಡಬೇಡಿ. ನಿರಾಸೆ ನನಗೂ ಆಗಿದ್ದುಂಟು; 2022ರಲ್ಲಿ ಹೆಚ್ಚು ನಿರಾಸೆ ತಂದದ್ದು ‘ಗಾಳಿಪಟ 2’ ಚಿತ್ರದ ಹಾಡುಗಳು. ಅರ್ಧ ತಪ್ಪು ನಿರೀಕ್ಷೆಯದು. ಎರಡೂ ‘ಗಾಳಿಪಟ’ಗಳಿಗೆ ನಿರ್ದೇಶಕರು ಯೋಗರಾಜ್ ಭಟ್ಟರೇ. ಆದರೆ 2008ರ ‘ಗಾಳಿಪಟ’ಕ್ಕೆ ಹರಿಕೃಷ್ಣ ಸಂಗೀತ, ಇದಕ್ಕೆ ಅರ್ಜುನ್ ಜನ್ಯ. ಹಳೆಯ ಗುಂಗು ಮತ್ತೆ ಸಿಗುವುದೆಲ್ಲಿ? ಹಾಗಂತ ಇಡೀ ಆಲ್ಬಂ ಮೂಲೆಗೆಸೆದರೆ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ‘ನಾನಾಡದ ಮಾತೆಲ್ಲವ’ ಕೈತಪ್ಪುತ್ತದೆ. ಅದನ್ನು ರಾತ್ರಿ ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು.

ಮುಂದೆ ಬರುವ ಹಾಡುಗಳ ಮೇಲೆ ಆಸೆ ಇರಲಿ, ಆದರೆ ಹೀರೋ ಪೋಸ್ಟರ್ ನೋಡಿ ಅಲ್ಲ, ಸಂಗೀತ ನಿರ್ದೇಶಕರ ಹೆಸರು ನೋಡಿ. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಕೇಳಿದ ಮೇಲೆ ಚರಣ್ ರಾಜ್ ಹಾಡುಗಳಿಗೆ ನಾನಂತೂ ಕಾಯುತ್ತೇನೆ. ಹಾಂ, ಗಾಡಿ ಹತ್ತಿದ ಮೇಲೆ ಸ್ಪೀಕರ್ ಮಾತ್ರ ಬೇಡ್ರಪ್ಪಾ!